ತಿಳಿದುದನ್ನು ತಿಳಿಯಹೇಳುವುದು: ಮನಶ್ಶಾಸ್ತ್ರದ ತರಗತಿಯಲ್ಲಿ ವಿದ್ಯಾರ್ಥಿಗಳ ವಿಷಯಮಂಡನೆ

ತನಗೆ ತಿಳಿದಿದೆಯೆಂದು ಮನುಷ್ಯನು ನಂಬಿರುವ ವಿಷಯಗಳು ಬಹಳ. ಮತ್ತೊಬ್ಬರಿಗೆ ತಿಳಿಯುವಂತೆ ಅವನು ಹೇಳಬಲ್ಲ ವಿಷಯಗಳು ಕೆಲವೇ. ಈ ಎರಡರ ನಡುವಣ ಅಂತರವನ್ನು ಅಳೆದುಕೊಳ್ಳುವುದಕ್ಕೆ ಶಾಲೆಯಲ್ಲಿ ನಮಗೆ ದೊರೆಯುವ ಸಾಧನಗಳಲ್ಲಿ ವಿಷಯಮಂಡನೆಯು ಮುಖ್ಯವಾದುದು. ಒಬ್ಬ ವಿದ್ಯಾರ್ಥಿಯಾಗಲಿ, ನಾಲ್ಕೈದು ಮಂದಿಯ ಒಂದು ಗುಂಪಾಗಲಿ ಪಾಠದ ಒಂದು ಭಾಗವನ್ನು ವಹಿಸಿಕೊಂಡು, ಅದನ್ನು ಅಭ್ಯಾಸಮಾಡಿ, ಅಧ್ಯಾಪಕರು ನಿಲ್ಲುವ ಸ್ಥಳದಲ್ಲಿ ನಿಂತು ಸಹಪಾಠಿಗಳಿಗೆ ವಿವರಿಸುವ ಕ್ರಮಕ್ಕೆ ವಿಷಯಮಂಡನೆಯೆಂದು ಹೆಸರು.

ಯಾವ ಪಾಠದಲ್ಲಾದರೂ ಇದನ್ನು ನಡೆಸಬಹುದು. ಆದರೆ ಮನಶ್ಶಾಸ್ತ್ರದ ತರಗತಿಯಲ್ಲಿ ಇದಕ್ಕೆ ಒಂದು ವಿಶೇಷವುಂಟು. ಹತ್ತನೆಯ ತರಗತಿಯನ್ನು ದಾಟಿದ ಮೇಲೆ ಮಹಾರಾಷ್ಟ್ರದ ಮಂಡಳಿಯಲ್ಲಿಯೂ ಕೇಂದ್ರ ಮಂಡಳಿಯಲ್ಲಿಯೂ ಕರ್ನಾಟಕದ ಪದವಿಪೂರ್ವ ತರಗತಿಗಳಲ್ಲಿಯೂ ಈ ಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ಸ್ಮೃತಿ, ಗಮನ, ಗ್ರಹಿಕೆ, ಕಲಿಕೆ, ಭಯ, ಗುಂಪಿನ ವರ್ತನೆ, ಇವು ಅದರ ಪಾಠಗಳು. ಭೂಗೋಳದ ಪಾಠ ಹೇಳುವವನ ಮುಂದೆ ಸಮುದ್ರವಿರುವುದಿಲ್ಲ. ಮನಶ್ಶಾಸ್ತ್ರದ ಪಾಠ ಹೇಳುವವನ ಮುಂದಾದರೋ ನಲವತ್ತು ಮನಸ್ಸುಗಳು ಕುಳಿತಿರುತ್ತವೆ. ತನ್ನದೊಂದು ಮನಸ್ಸು ಎದೆಬಡಿತದೊಡನೆ ನಿಂತಿರುತ್ತದೆ. ಹೇಳಬೇಕಾದ ಶಾಸ್ತ್ರವೂ ಹೇಳುವಾಗ ನಡೆಯುವ ವ್ಯಾಪಾರವೂ ಇಲ್ಲಿ ಒಂದೇ. ಆದುದರಿಂದ ಆ ಶಾಸ್ತ್ರವು ಕಂಡುಕೊಂಡಿರುವ ಸಂಗತಿಗಳಿಂದಲೇ ವಿಷಯಮಂಡನೆಯನ್ನು ಚೆನ್ನಾಗಿ ನಡೆಸುವ ಬಗೆಯನ್ನು ಅರಿಯಬಹುದೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸುತ್ತೇವೆ.

ಮಕ್ಕಳೇ ಮಕ್ಕಳಿಗೆ ಕಲಿಸುವುದು ನಮ್ಮ ದೇಶಕ್ಕೆ ಹೊಸತಲ್ಲ. ಹಿಂದಿನ ಕಾಲದ ಕೂಲಿಮಠಗಳಲ್ಲಿ ಐಗಳು ಒಬ್ಬರೇ, ಹುಡುಗರು ಅನೇಕರು. ಮುಂದೆ ಕಲಿತ ಹುಡುಗನು ಹಿಂದಿನವನ ಕೈಹಿಡಿದು ಮರಳಿನ ಮೇಲೆ ಅಕ್ಷರವನ್ನು ತಿದ್ದಿಸುತ್ತಿದ್ದನು. ಮದರಾಸಿನ ಎಗ್ಮೋರಿನಲ್ಲಿದ್ದ ಅನಾಥ ಬಾಲಕರ ಶಾಲೆಯನ್ನು 1789ರಿಂದ 1796ರ ವರೆಗೆ ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ಇಂತಹುದೇ ಒಂದು ದೇಶೀ ಶಾಲೆಯಲ್ಲಿ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡು, ತನ್ನ ಶಾಲೆಯಲ್ಲಿ ಬಾಲಕರಿಂದಲೇ ಬಾಲಕರಿಗೆ ಪಾಠ ಹೇಳಿಸಿದನು. 1797ರಲ್ಲಿ ಅವನು ಈ ಪ್ರಯೋಗವನ್ನು ಕುರಿತು ಲಂಡನ್ನಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಮುಂದೆ ಇಂಗ್ಲೆಂಡಿನ ಅನೇಕ ಶಾಲೆಗಳು ಈ ಪದ್ಧತಿಯನ್ನು ಅನುಸರಿಸಿದವು. ಆದರೆ ಅಲ್ಲಿ ದೊಡ್ಡ ಹುಡುಗನು ಕಂಠಪಾಠ ಮಾಡಿದುದನ್ನು ಚಿಕ್ಕವನು ಮತ್ತೆ ಕಂಠಪಾಠ ಮಾಡುವುದೇ ಹೆಚ್ಚಾಯಿತು. ಒಬ್ಬನ ಬಾಯಿಂದ ಮತ್ತೊಬ್ಬನ ಬಾಯಿಗೆ ಮಾತು ಸಾಗಿದ ಮಾತ್ರಕ್ಕೆ ಅರ್ಥವೂ ಜೊತೆಯಲ್ಲಿ ಸಾಗುವುದೆಂದು ಹೇಳಲಾಗದು. ಇದು ನಾವು ನೆನಪಿನಲ್ಲಿಡಬೇಕಾದ ಮೊದಲನೆಯ ಎಚ್ಚರಿಕೆ.

ಹಾಗಾದರೆ ಅರ್ಥವಾಗಿದೆಯೆ ಇಲ್ಲವೆ ಎಂಬುದನ್ನು ನಾವು ತಿಳಿಯುವುದು ಹೇಗೆ? 2002ರಲ್ಲಿ ಅಮೆರಿಕದ ಲಿಯೊನಿಡ್ ರೋಜೆನ್‌ಬ್ಲಿಟ್ ಮತ್ತು ಫ್ರಾಂಕ್ ಕೈಲ್ ಎಂಬ ವಿದ್ವಾಂಸರು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಜಿಪ್, ಬೀಗ, ಹೊಲಿಗೆಯಂತ್ರ ಮೊದಲಾದ ವಸ್ತುಗಳು ಕೆಲಸಮಾಡುವ ಬಗೆಯು ನಿಮಗೆ ಎಷ್ಟರಮಟ್ಟಿಗೆ ತಿಳಿದಿದೆಯೆಂದು ಜನರನ್ನು ಕೇಳಿ, ಅದಕ್ಕೆ ಅವರಿಂದಲೇ ಅಂಕ ಹಾಕಿಸಿದರು. ಅನಂತರ, “ಈಗ ಅದು ನಡೆಯುವ ಬಗೆಯನ್ನು ಹಂತ ಹಂತವಾಗಿ ವಿವರಿಸಿ ಬರೆಯಿರಿ” ಎಂದರು. ಬರೆಯತೊಡಗಿದೊಡನೆ ಜನರಿಗೆ ತಮ್ಮ ತಿಳಿವಿನ ಬಡತನ ಗೋಚರವಾಯಿತು. ಎರಡನೆಯ ಸಲ ತಮಗೆ ತಾವೇ ಹಾಕಿಕೊಂಡ ಅಂಕಗಳು ಮೊದಲಿನವಕ್ಕಿಂತ ಇಳಿದವು. ದಿನವೂ ಬಳಸುವ ಬೀಗವು ನಮಗೆ ಚೆನ್ನಾಗಿ ಗೊತ್ತೆಂದು ತೋರುವುದು. ಬೀಗದ ಕೈ ತಿರುಗಿದಾಗ ಒಳಗೆ ಏನಾಗುತ್ತದೆಂದು ಕೇಳಿದರೆ ಬಾಯಿ ಕಟ್ಟುವುದು. ಪುಸ್ತಕದ ಪಾಠವೂ ಹೀಗೆಯೇ. ಓದುವಾಗ ಎಲ್ಲವೂ ತಿಳಿದಂತೆ ತೋರುತ್ತದೆ. ಪುಸ್ತಕವನ್ನು ಮುಚ್ಚಿ ತಂಗಿಗೋ ಗೆಳೆಯನಿಗೋ ಹೇಳಹೊರಟಾಗ ಎಲ್ಲಿ ಮಾತು ನಿಲ್ಲುವುದೋ ಅಲ್ಲಿಯೇ ನಮ್ಮ ತಿಳಿವು ನಿಂತಿದೆಯೆಂದು ಅರಿಯಬೇಕು. ಮಾತು ನಿಂತುದು ಅಪಮಾನವಲ್ಲ; ಮರಳಿ ಓದಬೇಕಾದ ಸ್ಥಳವು ಅದರಿಂದ ಗೊತ್ತಾಯಿತು.

ಹೇಳಿನೋಡುವುದರಿಂದ ಇನ್ನೊಂದು ಲಾಭವೂ ಉಂಟು. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ ಎಂಬವರು ವಿದ್ಯಾರ್ಥಿಗಳಿಗೆ ಎರಡು ಗದ್ಯಭಾಗಗಳನ್ನು ಕೊಟ್ಟರು. ಒಂದನ್ನು ಅವರು ಎರಡು ಸಲ ಓದಿದರು. ಇನ್ನೊಂದನ್ನು ಒಂದು ಸಲ ಓದಿ, ಎರಡನೆಯ ಸಲ ಓದುವುದಕ್ಕೆ ಬದಲಾಗಿ ನೆನಪಿದ್ದುದನ್ನೆಲ್ಲ ಬರೆದರು. ಐದು ನಿಮಿಷದ ತರುವಾಯ ಪರೀಕ್ಷಿಸಿದಾಗ ಎರಡು ಸಲ ಓದಿದುದೇ ಹೆಚ್ಚು ನೆನಪಿದ್ದಿತು. ಆದರೆ ಒಂದು ವಾರದ ಮೇಲೆ ಪರೀಕ್ಷಿಸಿದಾಗ ಎರಡು ಸಲ ಓದಿದ ಗದ್ಯದಲ್ಲಿ ನೂರಕ್ಕೆ 42 ಭಾಗವೂ, ನೆನಪಿನಿಂದ ಬರೆದ ಗದ್ಯದಲ್ಲಿ ನೂರಕ್ಕೆ 56 ಭಾಗವೂ ಉಳಿದಿದ್ದಿತು. ಮನಸ್ಸಿನೊಳಗಿನದನ್ನು ಹೊರಗೆ ತೆಗೆಯುವ ಶ್ರಮವೇ ಅದನ್ನು ಒಳಗೆ ಗಟ್ಟಿಮಾಡುವುದೆಂದು ಇದರಿಂದ ವಿದಿತವಾಗುತ್ತದೆ. 2014ರಲ್ಲಿ ಪ್ರಕಟವಾದ ಮತ್ತೊಂದು ಪ್ರಯೋಗದಲ್ಲಿ, “ಇದನ್ನು ನೀವು ಮತ್ತೊಬ್ಬರಿಗೆ ಕಲಿಸಬೇಕಾಗುವುದು” ಎಂಬ ಸೂಚನೆಯನ್ನು ಕೇಳಿ ಓದಿದವರು, “ನಿಮಗೆ ಪರೀಕ್ಷೆಯಾಗುವುದು” ಎಂದು ಕೇಳಿ ಓದಿದವರಿಗಿಂತ ಮುಖ್ಯಾಂಶಗಳನ್ನು ಹೆಚ್ಚು ಕ್ರಮವಾಗಿ ನೆನಪಿಟ್ಟುಕೊಂಡರು. ಅವರು ಯಾರಿಗೂ ಕಲಿಸಲಿಲ್ಲ; ಕಲಿಸಬೇಕೆಂಬ ಭಾವನೆಯೊಂದೇ ಓದಿನ ರೀತಿಯನ್ನು ಬದಲಿಸಿತು.

ಇನ್ನು ಮಂಡಿಸುವ ಬಗೆಯನ್ನು ವಿಚಾರಿಸೋಣ. ಪುಸ್ತಕದ ವಾಕ್ಯಗಳನ್ನು ಹಾಳೆಗೆ ಇಳಿಸಿಕೊಂಡು ಬಂದು ಓದಿಬಿಡುವುದು, ಇಲ್ಲವೆ ಅವನ್ನೇ ಪರದೆಯ ಮೇಲೆ ಮೂಡಿಸಿ ತರಗತಿಗೆ ಬೆನ್ನುಮಾಡಿ ಓದುವುದು ಸರ್ವಸಾಮಾನ್ಯವಾಗಿದೆ. ಕೇಳುವವರು ಮೊದಲೆರಡು ನಿಮಿಷ ಕೇಳುತ್ತಾರೆ. ಆಮೇಲೆ ಗಂಟೆಯ ದಾರಿ ನೋಡುತ್ತಾರೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಅವಕಾಶವೇ ಇರಬಾರದು. ಏಕೆಂದರೆ ತೋರಿಸಬಹುದಾದುದು ಅಲ್ಲಿ ಬೇಕಾದಷ್ಟಿದೆ. ಅದಕ್ಕೆ ಬೆಲೆಯುಳ್ಳ ಉಪಕರಣಗಳೂ ಬೇಡ. ಕಳಮನಾದ ಕೃಷಿ ಮಾರುಕಟ್ಟೆಗೆ ಸಮೀಪದಲ್ಲಿರುವ ನಮಗಂತೂ ಉದಾಹರಣೆಗಳಿಗೆ ಕೊರತೆಯೇ ಇಲ್ಲ. ಕಿತ್ತಳೆಯ ರಾಶಿಗಳೂ ಮೆಣಸಿನಕಾಯಿಯ ಚೀಲಗಳೂ ಧಾನ್ಯದ ಮೂಟೆಗಳೂ ಬಂದಿಳಿಯುವ ಆ ಪ್ರಾಂಗಣವು ಒಂದರ್ಥದಲ್ಲಿ ಗ್ರಹಿಕೆಯ ಪ್ರಯೋಗಶಾಲೆಯೇ ಸರಿ.

ಗ್ರಹಿಕೆಯ ಪಾಠವನ್ನು ವಹಿಸಿಕೊಂಡವರು ಎರಡು ಕಿತ್ತಳೆಹಣ್ಣುಗಳನ್ನು ತರಲಿ. ಒಂದೇ ಬಣ್ಣದ ಆ ಎರಡರಲ್ಲಿ ಒಂದನ್ನು ಕೆಂಪು ನೂಲಿನ ಬಲೆಚೀಲದಲ್ಲಿಟ್ಟು, ಇನ್ನೊಂದನ್ನು ಹಾಗೆಯೇ ಬಿಟ್ಟು, ಸ್ವಲ್ಪ ದೂರದಿಂದ ತೋರಿಸಲಿ. ಬಲೆಯೊಳಗಿನ ಹಣ್ಣು ಹೆಚ್ಚು ಕೆಂಪಾಗಿ, ಹೆಚ್ಚು ಮಾಗಿದಂತೆ ಕಾಣುವುದು. ಚೀಲದಿಂದ ಹೊರತೆಗೆದೊಡನೆ ಎರಡೂ ಒಂದೇ. ಬಲೆಯ ಎಳೆಗಳ ಬಣ್ಣವು ನಮ್ಮ ಕಣ್ಣಿನಲ್ಲಿ ನಡುವಣ ಹಣ್ಣಿನ ಬಣ್ಣಕ್ಕೂ ಹಬ್ಬುವುದೇ ಇದಕ್ಕೆ ಕಾರಣ. ತೂಕದ ವಿಷಯದಲ್ಲಿಯೂ ಇಂತಹ ಭ್ರಮೆಯುಂಟು. ಒಂದು ದೊಡ್ಡ ಡಬ್ಬಿ, ಒಂದು ಚಿಕ್ಕ ಡಬ್ಬಿ ತೆಗೆದುಕೊಂಡು, ಎರಡರಲ್ಲಿಯೂ ಮರಳು ತುಂಬಿ, ತಕ್ಕಡಿಯಲ್ಲಿ ಸರಿತೂಗುವಂತೆ ಮಾಡಬೇಕು. ಸಹಪಾಠಿಗಳು ಒಂದೊಂದಾಗಿ ಎತ್ತಿನೋಡಿದರೆ ಬಹುಮಟ್ಟಿಗೆ ಎಲ್ಲರೂ ಚಿಕ್ಕದೇ ಭಾರವೆನ್ನುವರು. ತಕ್ಕಡಿಯನ್ನು ತೋರಿಸಿ, ಎರಡೂ ಸಮವೆಂದು ನಂಬಿಸಿದ ಮೇಲೆ ಮತ್ತೆ ಎತ್ತಿಸಿದರೂ ಚಿಕ್ಕದೇ ಭಾರವಾಗಿ ತೋರುವುದು! ಫ್ರಾನ್ಸಿನ ಶಾರ್ಪಾಂತಿಯೆ ಎಂಬ ವೈದ್ಯನು 1891ರಲ್ಲಿ ಈ ಸಂಗತಿಯನ್ನು ವರ್ಣಿಸಿದನು. ಬುದ್ಧಿಗೆ ತಿಳಿದ ಸತ್ಯವು ಕೈಗೆ ತಿಳಿಯದಿರಬಹುದೆಂಬ ಮಾತನ್ನು ಹತ್ತು ಪುಟ ಓದಿ ಹೇಳುವುದಕ್ಕಿಂತ ಎರಡು ಡಬ್ಬಿಗಳಿಂದ ಹೇಳುವುದು ಲೇಸು.

ಸ್ಮೃತಿಯ ಪಾಠಕ್ಕೆ ಇನ್ನೂ ಸುಲಭವಾದ ಉಪಾಯವಿದೆ. ಕೊಡ, ಹಗ್ಗ, ದೀಪ, ನವಿಲು, ಕಿಟಕಿ ಇಂತಹ ಹದಿನೈದು ಕನ್ನಡ ಪದಗಳನ್ನು ಒಂದೇ ಲಯದಲ್ಲಿ ಓದಿ, ನೆನಪಿದ್ದುದನ್ನು ಬರೆಯಹೇಳಬೇಕು. ಯಾವ ಪದವನ್ನು ಎಷ್ಟು ಮಂದಿ ಬರೆದರೆಂದು ಕರಿಹಲಗೆಯ ಮೇಲೆ ಎಣಿಸಿದರೆ, ಮೊದಲ ಕೆಲವೂ ಕೊನೆಯ ಕೆಲವೂ ಹೆಚ್ಚು ಮಂದಿಗೆ ಉಳಿದು, ನಡುವಿನವು ಜಾರಿಹೋಗಿರುವುದು ಕಾಣುವುದು. ಜರ್ಮನಿಯ ಹರ್ಮನ್ ಎಬಿಂಗ್‌ಹೌಸನು ತನ್ನ ಮೇಲೆ ತಾನೇ ಪ್ರಯೋಗ ನಡೆಸಿ, ಅರ್ಥವಿಲ್ಲದ ಅಕ್ಷರಪುಂಜಗಳನ್ನು ಬಾಯಿಪಾಠ ಮಾಡಿ, ಮರೆವಿನ ವೇಗವನ್ನು ಅಳೆದು 1885ರಲ್ಲಿ ಗ್ರಂಥ ಬರೆದುದನ್ನು ಆಗ ಹೇಳಿದರೆ ಕೇಳುವವರು ಆಸಕ್ತಿಯಿಂದ ಕೇಳುವರು. ಇದರಿಂದ ಮಂಡಿಸುವವರು ತಮಗೂ ಒಂದು ಪಾಠ ಕಲಿಯಬಹುದು: ಮುಖ್ಯವಾದ ಮಾತನ್ನು ಭಾಷಣದ ನಡುವೆ ಹೂಳಬಾರದು, ಮೊದಲಲ್ಲಿ ಹೇಳಿ, ಕೊನೆಯಲ್ಲಿ ಮತ್ತೊಮ್ಮೆ ನೆನಪಿಸಬೇಕು.

ಗುಂಪಾಗಿ ಮಂಡಿಸುವಾಗ ಒಂದು ತೊಂದರೆ ತಪ್ಪದೆ ಬರುವುದು. ಐವರ ಹೆಸರಿರುತ್ತದೆ, ದುಡಿಯುವವರು ಇಬ್ಬರು. ಇದಕ್ಕೆ ಸ್ವಭಾವದೋಷವೊಂದೇ ಕಾರಣವೆಂದು ಬೈಯಬೇಕಾಗಿಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರನಾದ ರಿಂಗೆಲ್‌ಮನ್ ಎಂಬವನು ಜನರಿಂದ ಹಗ್ಗ ಎಳೆಯಿಸಿ, ಗುಂಪು ದೊಡ್ಡದಾದಂತೆ ಒಬ್ಬೊಬ್ಬನ ಎಳೆತ ಕಡಮೆಯಾಗುವುದನ್ನು ಕಂಡು 1913ರಲ್ಲಿ ಪ್ರಕಟಿಸಿದನು. 1979ರಲ್ಲಿ ಅಮೆರಿಕದ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದರು. ಗುಂಪಿನಲ್ಲಿರುವಾಗ ಪ್ರತಿಯೊಬ್ಬನೂ ಒಂಟಿಯಾಗಿದ್ದಾಗಿನಷ್ಟು ಸದ್ದು ಮಾಡಲಿಲ್ಲ. ಒಬ್ಬೊಬ್ಬನ ಪಾಲು ಬೇರೆಬೇರೆಯಾಗಿ ಗುರುತಿಗೆ ಬರುವುದೆಂದು ತಿಳಿದಾಗ ಮಾತ್ರ ಆ ಸೋಮಾರಿತನ ಮಾಯವಾಯಿತೆಂದು ಮುಂದಿನ ಪ್ರಯೋಗಗಳು ತೋರಿಸಿದವು. ಹೀಗಿರುವುದರಿಂದ ಮೊದಲನೆಯ ದಿನವೇ ಕೆಲಸವನ್ನು ಹಂಚಿ, ಯಾರ ಪಾಲು ಯಾವುದೆಂದು ಬರೆದಿಡುವುದು ಜಗಳವನ್ನೂ ಸೋಮಾರಿತನವನ್ನೂ ಒಟ್ಟಿಗೆ ತಪ್ಪಿಸುವ ದಾರಿ.

ಇಷ್ಟೆಲ್ಲ ಸಿದ್ಧತೆಯಾದರೂ ಎದ್ದು ನಿಂತಾಗ ಕಾಲು ನಡುಗುವುದೇಕೆ? ರಾಬರ್ಟ್ ಜಾಯಾನ್ಸ್ ಎಂಬ ವಿದ್ವಾಂಸನು 1965ರಲ್ಲಿ ಇದಕ್ಕೆ ಒಂದು ಉತ್ತರವನ್ನು ಕೊಟ್ಟನು. ಇತರರ ಸಾನ್ನಿಧ್ಯವು ದೇಹವನ್ನು ಎಚ್ಚರಿಸುತ್ತದೆ. ಚೆನ್ನಾಗಿ ರೂಢಿಯಾದ ಕೆಲಸವು ಅದರಿಂದ ಇನ್ನಷ್ಟು ಚೆನ್ನಾಗುತ್ತದೆ, ರೂಢಿಯಾಗದ ಕಠಿನವಾದ ಕೆಲಸವು ಕೆಡುತ್ತದೆ. 1969ರಲ್ಲಿ ಅವನೂ ಸಂಗಡಿಗರೂ ಇದನ್ನು ಜಿರಲೆಗಳಲ್ಲಿಯೂ ಕಂಡರು. ನೋಡುವ ಜಿರಲೆಗಳಿದ್ದಾಗ ಓಡುವ ಜಿರಲೆಯು ನೆಟ್ಟನೆಯ ದಾರಿಯಲ್ಲಿ ಬೇಗನೆ ಓಡಿತು. ತಿರುವುಳ್ಳ ದಾರಿಯಲ್ಲಿ ತಡಮಾಡಿತು. ಜಿರಲೆಗೂ ಸಭಾಕಂಪವುಂಟೆಂದು ನಗುವುದರ ಜೊತೆಗೆ ಒಂದು ನೀತಿಯನ್ನೂ ಇಲ್ಲಿಂದ ತೆಗೆದುಕೊಳ್ಳಬೇಕು. ಮನೆಯಲ್ಲಿ ಮೂರು ನಾಲ್ಕು ಸಲ ಗಟ್ಟಿಯಾಗಿ ಹೇಳಿ ರೂಢಿಮಾಡಿದವನಿಗೆ ಸಭೆಯು ಸಹಾಯ ಮಾಡುವುದು. ಮೊದಲನೆಯ ಸಲ ತರಗತಿಯಲ್ಲಿಯೇ ಹೇಳುವವನಿಗೆ ಅದೇ ಸಭೆಯು ಅಡ್ಡಿಯಾಗುವುದು.

ಇನ್ನೊಂದು ಸಮಾಧಾನವೂ ಇದೆ. ನಮ್ಮ ನಡುಕವು ಎಲ್ಲರ ಕಣ್ಣಿಗೂ ಬೀಳುತ್ತಿದೆಯೆಂದು ನಮಗೆ ತೋರುತ್ತದೆ. ವಾಸ್ತವದಲ್ಲಿ ಅಷ್ಟು ಕಾಣುವುದಿಲ್ಲ. ಸವಿಟ್‌ಸ್ಕಿ ಮತ್ತು ಗಿಲೋವಿಚ್ ಎಂಬವರು 2003ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದರು. ಅಷ್ಟೇ ಅಲ್ಲ, ಭಾಷಣಕ್ಕೆ ಮೊದಲು ಈ ಸಂಗತಿಯನ್ನು ತಿಳಿಸಿದಾಗ ಭಾಷಣಕಾರರು ಹೆಚ್ಚು ಚೆನ್ನಾಗಿ ಮಾತನಾಡಿದರು. ಮಾತನಾಡಲು ಅಂಜುವ ಗೆಳತಿಯೊಬ್ಬಳಿಗೆ “ಹೆದರಬೇಡ” ಎಂದರೆ ಪ್ರಯೋಜನ ಕಡಮೆ. “ನಿನ್ನ ಹೆದರಿಕೆ ನಮಗೆ ಕಾಣುವುದಿಲ್ಲ” ಎಂದರೆ ಹೆಚ್ಚು.

ಇಲ್ಲಿಯವರೆಗೆ ಹೇಳುವವರ ಮಾತಾಯಿತು. ಕೇಳುವವರ ಕರ್ತವ್ಯವು ಇದಕ್ಕಿಂತ ಚಿಕ್ಕದಲ್ಲ. 1971ರಲ್ಲಿ ಅಮೆರಿಕದ ಟೆಕ್ಸಸ್ ಪ್ರಾಂತದ ಆಸ್ಟಿನ್ ನಗರದಲ್ಲಿ ಬಿಳಿಯ, ಕರಿಯ ಮತ್ತು ಮೆಕ್ಸಿಕೊ ಮೂಲದ ಮಕ್ಕಳನ್ನು ಒಂದೇ ಶಾಲೆಗಳಲ್ಲಿ ಕೂಡಿಸಿದಾಗ ಮಕ್ಕಳಲ್ಲಿ ವೈಮನಸ್ಯವು ತಲೆದೋರಿತು. ಮನಶ್ಶಾಸ್ತ್ರಜ್ಞನಾದ ಎಲಿಯಟ್ ಆರನ್‌ಸನ್ ಮತ್ತು ಅವನ ಶಿಷ್ಯರು ಒಂದು ಉಪಾಯ ಹೂಡಿದರು. ಐದಾರು ಮಕ್ಕಳ ಗುಂಪುಗಳನ್ನು ಮಾಡಿ, ಪಾಠವನ್ನು ಅಷ್ಟೇ ತುಂಡುಮಾಡಿ, ಒಬ್ಬೊಬ್ಬರಿಗೆ ಒಂದೊಂದು ತುಂಡನ್ನು ಮಾತ್ರ ಕೊಟ್ಟರು. ಉಳಿದ ಭಾಗಗಳನ್ನು ತಿಳಿಯಬೇಕಾದರೆ ಗೆಳೆಯರ ಬಾಯಿಂದಲೇ ಕೇಳಬೇಕು, ಬೇರೆ ದಾರಿಯಿಲ್ಲ. ಮನೆಯಲ್ಲಿ ಬೇರೆ ಭಾಷೆಯನ್ನಾಡುವ ಒಬ್ಬ ಹುಡುಗನು ತನ್ನ ಭಾಗವನ್ನು ಹೇಳಲಾರದೆ ತಡವರಿಸಿದಾಗ ಮೊದಲು ಜೊತೆಯವರು ಅವನನ್ನು ಹಾಸ್ಯಮಾಡಿದರೆಂದು ಆರನ್‌ಸನ್ ಬರೆದಿದ್ದಾನೆ. ಹಾಸ್ಯದಿಂದ ತಮಗೇ ನಷ್ಟವೆಂದು ಕೆಲವು ದಿನಗಳಲ್ಲಿ ಅವರಿಗೆ ಮನವರಿಕೆಯಾಯಿತು. ಆಗ ಅವರು ತಾಳ್ಮೆಯಿಂದ ಪ್ರಶ್ನೆ ಕೇಳತೊಡಗಿದರು. ಒಳ್ಳೆಯ ಪ್ರಶ್ನೆ ಬಂದೊಡನೆ ಅವನ ಬಾಯಿಂದ ಒಳ್ಳೆಯ ಉತ್ತರವೂ ಬಂದಿತು. ಹುಡುಗನು ಮೊದಲಿನಿಂದಲೂ ಜಾಣನೇ ಆಗಿದ್ದನು. ಕೇಳುವ ರೀತಿ ಬದಲಾದಾಗ ಅದು ಹೊರಬಿದ್ದಿತು.

ನಾಗಪುರದ ಕನ್ನಡ ವಿದ್ಯಾರ್ಥಿಗಳಾದ ನಮಗೆ ಈ ಕಥೆ ದೂರದ್ದಲ್ಲ. ನಮ್ಮಲ್ಲಿ ಒಬ್ಬರ ಮನೆಯ ಕನ್ನಡ ಧಾರವಾಡದ್ದು, ಒಬ್ಬರದು ಕಲಬುರಗಿಯದು, ಇನ್ನೊಬ್ಬರದು ಮೈಸೂರಿನದು. ಬೀದಿಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷಿನ ಪಾರಿಭಾಷಿಕ ಪದ. ಇಲ್ಲಿಯೇ ಹುಟ್ಟಿ ಬೆಳೆದ ಕೆಲವರಿಗೆ ಗ್ರಂಥದ ಕನ್ನಡವು ನಾಲಗೆಯ ಮೇಲೆ ಸಲೀಸಾಗಿ ಆಡುವುದಿಲ್ಲ. ಅಂತಹವರು ವರ್ಷವಿಡೀ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು ಹೋಗುವುದುಂಟು. ಅವರು ಒಂದು ಪದವನ್ನು ತಪ್ಪಾಗಿ ಉಚ್ಚರಿಸಿದಾಗ ಮುಂದಿನ ಬೆಂಚಿನಿಂದ ಬರುವ ಒಂದು ನಗೆಯು ಆ ಮೌನವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಬಲ್ಲದು. “ಆ ಭಾಗವನ್ನು ಇನ್ನೊಮ್ಮೆ ಹೇಳುತ್ತೀಯಾ? ಒಂದು ಉದಾಹರಣೆ ಕೊಡುತ್ತೀಯಾ?” ಎಂಬ ಒಂದು ಪ್ರಶ್ನೆಯು ಅದನ್ನು ಮುರಿಯಬಲ್ಲದು. ಮನೆಯ ಮಾತಿನಲ್ಲಿ ಹೇಳಿದರೂ ವಿಷಯವು ಸರಿಯಾಗಿದ್ದರೆ ಅದು ಸರಿಯಾದ ಮಂಡನೆಯೇ. ಪಾರಿಭಾಷಿಕ ಪದವೊಂದನ್ನು ಉಚ್ಚರಿಸಿದ ಮಾತ್ರಕ್ಕೆ ಅರ್ಥವಾಯಿತೆಂದು ಭಾವಿಸುವುದು ಸುಲಭ. ಅದನ್ನೇ ಅಜ್ಜಿಗೆ ತಿಳಿಯುವ ಕನ್ನಡದಲ್ಲಿ ಹೇಳಬೇಕಾದಾಗ ಜಾಣತನದ ನಿಜವಾದ ಪರೀಕ್ಷೆಯಾಗುವುದು.

ಈ ಶಾಸ್ತ್ರವನ್ನು ಮಂಡಿಸುವವರು ಒಂದು ಮರ್ಯಾದೆಯನ್ನು ಮೀರಬಾರದು. 1920ರಲ್ಲಿ ಅಮೆರಿಕದ ವಾಟ್ಸನ್ ಮತ್ತು ರೇನರ್ ಎಂಬವರು ಒಂದು ಎಳೆಯ ಮಗುವಿಗೆ ಬಿಳಿಯ ಇಲಿಯನ್ನು ತೋರಿಸುವಾಗಲೆಲ್ಲ ದೊಡ್ಡ ಸದ್ದು ಮಾಡಿ, ಇಲಿಯನ್ನು ಕಂಡರೆ ಮಗುವು ಅಳುವಂತೆ ಮಾಡಿದರು. ಆ ಭಯವನ್ನು ಹೋಗಲಾಡಿಸದೆಯೇ ಪ್ರಯೋಗವನ್ನು ಮುಗಿಸಿದರು. ಇಂದು ಯಾವ ವಿಶ್ವವಿದ್ಯಾನಿಲಯವೂ ಇದಕ್ಕೆ ಒಪ್ಪುವುದಿಲ್ಲ. ನಮ್ಮ ತರಗತಿಯಲ್ಲಿಯೂ ಒಪ್ಪಿಗೆಯಿಲ್ಲದೆ ಯಾರನ್ನೂ ಪ್ರಯೋಗಕ್ಕೆ ಎಳೆಯಬಾರದು, ಯಾರನ್ನೂ ಹೆದರಿಸಬಾರದು, ಯಾರ ಮನೆಯ ಸಂಗತಿಯನ್ನೂ ಉದಾಹರಣೆಯಾಗಿ ಎತ್ತಬಾರದು. ಖಿನ್ನತೆ, ಆತಂಕ ಮೊದಲಾದ ರೋಗಗಳ ಲಕ್ಷಣಗಳನ್ನು ಓದಿದ ಮರುದಿನವೇ ಗೆಳೆಯನಿಗೆ ರೋಗದ ಹೆಸರು ಕಟ್ಟುವುದು ವಿದ್ಯೆಯಲ್ಲ, ಕ್ರೌರ್ಯ. ರೋಗವನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಇಂತಹ ಪಾಠ ಕೇಳಿದ ಮೇಲೆ ಯಾರಿಗಾದರೂ ತಮ್ಮ ಮನಸ್ಸಿನ ನೋವನ್ನು ಹೇಳಿಕೊಳ್ಳಬೇಕೆನಿಸಿದರೆ ಹಿರಿಯರಲ್ಲಿ, ಅಧ್ಯಾಪಕರಲ್ಲಿ ಹೇಳಲಿ. ಭಾರತ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆಯೂ ಇದೆ; ಅದರ ಸಂಖ್ಯೆ 14416. ರೋಗಗಳನ್ನು ಕುರಿತು ಮಂಡಿಸುವವರು ಈ ಸಂಖ್ಯೆಯನ್ನು ಕರಿಹಲಗೆಯ ಮೂಲೆಯಲ್ಲಿ ಬರೆದು ಮಾತು ಮುಗಿಸುವುದು ಯೋಗ್ಯ.

ಕನ್ನಡನಾಡಿನಲ್ಲಿ ಮನಶ್ಶಾಸ್ತ್ರಕ್ಕೆ ನೆಲೆ ಒದಗಿಸಿದವರಲ್ಲಿ ಮೊದಲಿಗರು ಎಂ. ವಿ. ಗೋಪಾಲಸ್ವಾಮಿಯವರು. ಲಂಡನ್ನಿನಲ್ಲಿ ಪ್ರಸಿದ್ಧ ವಿದ್ವಾಂಸರಾದ ಸ್ಪಿಯರ್‌ಮನ್ ಅವರಲ್ಲಿ ವ್ಯಾಸಂಗಮಾಡಿ ಬಂದು, 1924ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಈ ಶಾಸ್ತ್ರದ ವಿಭಾಗವನ್ನು ಆರಂಭಿಸಿದರು. ಅವರೇ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಪ್ರಸಾರವನ್ನು ತೊಡಗಿದರು. ಆ ಕೇಂದ್ರಕ್ಕೆ ಆಕಾಶವಾಣಿಯೆಂದು ಹೆಸರಾಯಿತು. ಮನಸ್ಸನ್ನು ಅಭ್ಯಸಿಸಿದವರೇ ಮಾತನ್ನು ಮನೆಮನೆಗೆ ಮುಟ್ಟಿಸಲು ಹೊರಟುದು ನಮಗೆ ಅರ್ಥವತ್ತಾಗಿ ಕಾಣುತ್ತದೆ. ಅರಿವು ಪ್ರಯೋಗಶಾಲೆಯ ನಾಲ್ಕು ಗೋಡೆಗಳ ಒಳಗೇ ಉಳಿಯಬೇಕಾದ ವಸ್ತುವಲ್ಲ.

ಮುಂದಿನ ವರ್ಷ ನಮ್ಮಲ್ಲಿ ಯಾರು ಯಾವ ವಿಷಯವನ್ನು ಮಂಡಿಸುವರೋ ತಿಳಿಯದು. ಯಾರೇ ಆಗಲಿ, ಒಂದು ಪ್ರಶ್ನೆಯಿಂದ ತೊಡಗಿ, ಮೂರು ಮುಖ್ಯಾಂಶಗಳಿಗೆ ಮಿತಿಗೊಳಿಸಿಕೊಂಡು, ಒಂದನ್ನಾದರೂ ಕೈಯಿಂದ ಮಾಡಿತೋರಿಸಿ, ಹದಿನೈದು ನಿಮಿಷಗಳಲ್ಲಿ ಐದನ್ನು ಕೇಳುವವರ ಪ್ರಶ್ನೆಗಳಿಗೆ ಉಳಿಸಲಿ. ಕೊನೆಗೆ ಎಲ್ಲರೂ ಪುಸ್ತಕ ಮುಚ್ಚಿ, ಕೇಳಿದುದರಲ್ಲಿ ಉಳಿದುದನ್ನು ಎರಡು ನಿಮಿಷ ಬರೆಯಲಿ. ಆ ಹಾಳೆಗಳನ್ನು ಒಟ್ಟುಗೂಡಿಸಿ ನೋಡಿದರೆ, ಹೇಳಿದವರಿಗೆ ತಾವು ಎಷ್ಟು ಮುಟ್ಟಿಸಿದೆವೆಂಬುದು ಗೊತ್ತಾಗುವುದು. ಬರೆದವರಿಗೆ ತಾವು ಎಷ್ಟು ಕೇಳಿದೆವೆಂಬುದು ಗೊತ್ತಾಗುವುದು. ಅಂಕಪಟ್ಟಿಯು ಇದನ್ನು ತೋರಿಸುವುದಿಲ್ಲ.